ವಲ್ಲಿಯ ಕೆಳಗೆ ಯಾರ ಕೈ?

ಮಳೆಗಾಲ ಮುಗಿದರೂ ಬಂಡೆಪ್ಪನ ಮನೆಯ ಅಟ್ಟದ ಮೇಲೆ ಹನ್ನೆರಡು ಕರಿಕಂಬಳಿಗಳು ಮಡಿಕೆ ಬಿಚ್ಚದೆ ಕುಳಿತಿದ್ದವು. ಹಿಂದೆಲ್ಲ ಜೂನ್ ಬಂತೆಂದರೆ ಜಾಂಬೋಟಿ ಕಡೆಯ ಗದ್ದೆಯವರು ಖಾನಾಪುರಕ್ಕೆ ಇಳಿದು ಬಂದು, ಮಳೆಗೆ ಹೊದೆಯಲು ಕಂಬಳಿ ಕೊಳ್ಳುತ್ತಿದ್ದರು. ಈಗ ಅವರು ಮೂವತ್ತು ರೂಪಾಯಿಯ ಪ್ಲಾಸ್ಟಿಕ್ ಹಾಳೆ ಹೊದ್ದು ನಾಟಿ ಮಾಡುತ್ತಾರೆ. ಹಾಳೆ ಒಂದೇ ಮಳೆಗಾಲಕ್ಕೆ ಹರಿಯುತ್ತದೆ, ಮರುವರ್ಷ ಮತ್ತೊಂದು ಬರುತ್ತದೆ. ಇದರಲ್ಲಿ ಜಾಣರು ಯಾರೆಂಬುದನ್ನು ಪ್ಲಾಸ್ಟಿಕ್ ಮಾರುವವನನ್ನೇ ಕೇಳಬೇಕು.

ಕಂಬಳಿಗಳು ಬಂಡೆಪ್ಪನವಲ್ಲ. ಅವನ ಹೆಂಡತಿ ಮಾಯಕ್ಕನ ಸ್ವಸಹಾಯ ಗುಂಪಿನವು. ಆರು ಜನ ಹೆಂಗಸರು ನಾಲ್ಕು ತಿಂಗಳು ನೂತು, ನೇಯಿಸಿ, ಹುಣಸೆ ಬೀಜದ ಗಂಜಿ ಬಳಿದು ತಯಾರು ಮಾಡಿದ್ದು. ಇವು ಮಾರಿದರೆ ಮುಂದಿನ ಉಣ್ಣೆ ಕೊಳ್ಳಬಹುದು. ಮಾರದಿದ್ದರೆ ಮಗ್ಗ ನಿಂತಂತೆಯೇ.

ಮಾರುವ ಕೆಲಸ ತಾನಾಗಿಯೇ ಬಂಡೆಪ್ಪನ ಪಾಲಿಗೆ ಬಂದಿತ್ತು. ಅವನು ಮೂವತ್ತು ವರ್ಷ ಕುರಿ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು. ಹೆಗಲ ಮೇಲಿನ ವಸ್ತ್ರವಾದ ವಲ್ಲಿಯನ್ನು ಎರಡು ಕೈಗಳ ಮೇಲೆ ಹಾಸಿ, ಅದರ ಕೆಳಗೆ ಗಿರಾಕಿಯ ಬೆರಳು ಹಿಡಿದು ದರ ಮುಗಿಸುವುದು ಅವನ ವಿದ್ಯೆ. ಒಂದು ಬೆರಳಿಗೆ ನೂರು, ಎರಡಕ್ಕೆ ಇನ್ನೂರು. ಸುತ್ತ ನಿಂತವರಿಗೆ ವಲ್ಲಿಯ ಅಲುಗಾಟ ಕಾಣುತ್ತದೆಯೇ ಹೊರತು ದರ ತಿಳಿಯುವುದಿಲ್ಲ. ವಲ್ಲಿಯ ಕೆಳಗಿನ ಮಾತನ್ನು ಬಂಡೆಪ್ಪ ಒಮ್ಮೆಯೂ ಹೊರಗೆ ಆಡಿದವನಲ್ಲ. ಹೆಂಡತಿಯ ಮುಂದೂ ಆಡಿರಲಿಲ್ಲ.

2004ರ ಸೆಪ್ಟೆಂಬರಿನಲ್ಲಿ ಗಂಡಹೆಂಡತಿ ಒಂದು ಮಾದರಿ ಕಂಬಳಿ ಹೊತ್ತು ಬೆಳಗಾವಿಯ ರವಿವಾರ ಪೇಟೆಗೆ ಹೋದರು. ಉಣ್ಣೆ ವ್ಯಾಪಾರಿ ಅಲ್ಲಾಭಕ್ಷ ಹಳೆಯ ಪರಿಚಯ. ಕಂಬಳಿ ಮುಟ್ಟಿ ನೋಡಿ, “ಮಾಲು ಚೊಲೊ ಐತಿ ಬಂಡೆಪ್ಪ, ಆದ್ರ ಗಿರಾಕಿ ಇಲ್ಲ. ಮ್ಯಾಲ ಹೋಗು, ನಮ್ಮ ಜನ್ನತ ಏನೋ ಹರಾಜು ಅಂತಾಳ” ಎಂದು ಮಾಳಿಗೆ ತೋರಿಸಿದ. ಮಾಳಿಗೆಯ ಮೇಲೆ ಅವನ ಮಗಳು ಜನ್ನತ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಇಂಟರ್‌ನೆಟ್ ಸೆಂಟರ್ ನಡೆಸುತ್ತಿದ್ದಳು.

“ಬರ್ರಿ ಕಾಕಾ, ಕಾಕು ಕುಂದರ್ರಿ” ಎಂದವಳೇ ಪರದೆಯ ಮೇಲೆ ಒಂದು ಹರಾಜು ತಾಣ ತೆರೆದು ತೋರಿಸಿದಳು. ಹಳೆ ಗಡಿಯಾರ, ಹೊಸ ಸೀರೆ, ಯಾರದೋ ಅಜ್ಜನ ಗ್ರಾಮೋಫೋನು, ಎಲ್ಲಕ್ಕೂ ದರ ಏರುತ್ತಿತ್ತು.

“ಕೂಗೋರು ಎಲ್ಲಿ ಅದಾರ?” ಎಂದ ಬಂಡೆಪ್ಪ.

“ಅವರವರ ಊರಾಗ. ಒಬ್ಬಾವ ತಾ ಕಟ್ಟಕಡಿಗೆ ಎಷ್ಟು ಕೊಡ್ತೀನಿ ಅಂತ ಒಳಗ ಬರದಿಡ್ತಾನ್ರಿ. ಅದು ಯಾರಿಗೂ ಕಾಣೂದಿಲ್ಲ. ಮತ್ತೊಬ್ಬ ಏರಿಸಿದ್ರ ಮಾತ್ರ ಇವನ ದರ ಬೇಕಾದಷ್ಟ ಏರತೈತಿ.”

ಬಂಡೆಪ್ಪ ಪರದೆಯ ಹತ್ತಿರಕ್ಕೆ ಮೂಗು ತಂದ. “ಅಂದ್ರ ಇದು ವಲ್ಲಿ!”

“ಏನ್ರಿ?”

“ಖರೇನ ವಲ್ಲಿ! ಬೆರಳು ಒಳಗ, ದರ ಒಳಗ. ನಮ್ಮ ವಿದ್ಯಾ ಇವರಿಗ್ಯಾರು ಕಲಿಸಿದ್ರು?” ಮಾಯಕ್ಕ ಗಂಡನ ಮುಖ ನೋಡಿದಳು. ಸಂತೆ ಬಿಟ್ಟ ಮೇಲೆ ಆ ಮುಖದಲ್ಲಿ ಇಷ್ಟು ಬೆಳಕು ಅವಳು ಕಂಡಿರಲಿಲ್ಲ.

ಬೆಳಕು ರೊಕ್ಕದ ಮಾತು ಬರುವವರೆಗೆ ಇತ್ತು. ಗಿರಾಕಿ ರೊಕ್ಕವನ್ನು ಮೊದಲು ತಾಣದವರಲ್ಲಿ ತುಂಬುತ್ತಾನೆ. ತುಂಬಿದ ಸುದ್ದಿ ಬಂದ ಮೇಲೆ ಮಾರುವವರು ಪಾರ್ಸಲ್ ಕಳಿಸಬೇಕು. ಮಾಲು ಮುಟ್ಟಿತೆಂದು ಅವನು ಹೇಳಿದ ಮೇಲೆ ತಾಣದವರು ನೂರಕ್ಕೆ ಐದು ಹಿಡಿದುಕೊಂಡು ಉಳಿದದ್ದನ್ನು ಗುಂಪಿನ ಬ್ಯಾಂಕ್ ಖಾತೆಗೆ ಹಾಕುತ್ತಾರೆ. ಜನ್ನತ ಇಷ್ಟು ಹೇಳುವಷ್ಟರಲ್ಲಿ ಬಂಡೆಪ್ಪ ಎದ್ದು ನಿಂತಿದ್ದ.

“ನಮ್ಮ ರೊಕ್ಕ ಆಂವ ಯಾಕ ಹಿಡಕೊಂಡು ಕುಂದರತಾನ? ಮ್ಯಾಲ ಐದು ಬ್ಯಾರೆ!”

“ಕಾಕಾ, ಸಂತ್ಯಾಗ ನಿಮಗ ದಲ್ಲಾಳಿ ಎಷ್ಟು ಸಿಗತಿತ್ತು?” ಎಂದಳು ಜನ್ನತ.

ಬಂಡೆಪ್ಪ ಕುಳಿತುಕೊಂಡ. “ಮತ್ತ ಗಿರಾಕಿ ಮಾಲು ಇಟಗೊಂಡು ಮುಟ್ಟೇ ಇಲ್ಲ ಅಂದ್ರ?”

“ಪೋಸ್ಟಿನ ರಸೀದಿ ಯಾಕ ಐತ್ರಿ? ರಿಜಿಸ್ಟರ್ ಪಾರ್ಸಲ್ ಮಾಡಬೇಕು, ರಸೀದಿ ಜ್ವಾಕಿ ಇಡಬೇಕು. ಮತ್ತ ಮಾಲಿನ ಐಬು ನಾವ ಮೊದಲ ಬರೀಬೇಕು. ಗಂಜಿ ವಾಸನಿ ಬರತೈತಿ, ಹೊಸದರಾಗ ಚುಚ್ಚತೈತಿ ಅಂತ.”

“ಐಬು ನಾವ ಹೇಳೂದಾ!” ಮೂವತ್ತು ವರ್ಷ ದಲ್ಲಾಳಿಯಾಗಿದ್ದವನಿಗೆ ಇದು ಧರ್ಮಭ್ರಷ್ಟತೆಯಂತೆ ಕೇಳಿಸಿತು. ಮಾಯಕ್ಕ ಮಾತ್ರ, “ಬರಿ ಜನ್ನತ. ವಾಸನಿ ಬರೋದು ಖರೇನ ಐತಲ್ಲ” ಎಂದಳು. ಹನ್ನೆರಡೂ ಕಂಬಳಿಗೆ ಒಟ್ಟು ಐದು ಸಾವಿರದಿಂದ ಹರಾಜು ಶುರು, ಹತ್ತು ದಿನ ಗಡುವು. ವಿಚಾರಿಸುವವರಿಗೆಂದು ಬಂಡೆಪ್ಪ ಹಟ ಮಾಡಿ ಖಾನಾಪುರ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನ ನಂಬರನ್ನೂ ಹಾಕಿಸಿದ.

ಮೂರನೆಯ ದಿನ ಬೂತಿನವನು ಕೂಗಿ ಕರೆದ. ಫೋನಿನಲ್ಲಿದ್ದವನು ಸಕ್ಕರೆಯಂಥ ಮರಾಠಿಯಲ್ಲಿ ‘ಮಾಮಾ’ ಎಂದೇ ಮಾತು ತೆಗೆದ. ಕಂಬಳಿ ಎಲ್ಲವೂ ತನಗೇ ಬೇಕು, ಒಂಬತ್ತು ಸಾವಿರ ಕೊಡುತ್ತೇನೆ ಎಂದ. ಆದರೆ ತಾಣದವರಿಗೆ ಕಮಿಷನ್ ಯಾಕೆ ತಿನ್ನಿಸುವುದು? ನೇರ ಡಿಮಾಂಡ್ ಡ್ರಾಫ್ಟ್ ಕಳಿಸುತ್ತೇನೆ, ಈ ಮಾತು ನಮ್ಮಿಬ್ಬರ ನಡುವೆ ಇರಲಿ ಎಂದ.

ಬೇರೆ ಯಾರಾದರೂ ಆಗಿದ್ದರೆ ಆ ಕೊನೆಯ ಮಾತಿಗೆ ಕಿವಿ ನಿಮಿರಿಸುತ್ತಿದ್ದರು. ಬಂಡೆಪ್ಪನಿಗೆ ಅದೇ ಮಾತು ಹಿತವಾಯಿತು. ನಡುವೆ ಇರಲಿ ಎಂದವನು ಸಂತೆಯ ರೀತಿ ಬಲ್ಲ ಮನುಷ್ಯ. ಬಂಡೆಪ್ಪ ಗುಂಪಿನ ಹೆಸರು, ವಿಳಾಸ ಬರೆಸಿದ. ಈ ವಿಷಯ ಯಾರಿಗೂ ಹೇಳಲಿಲ್ಲ. ವಾರದಲ್ಲಿ ಡ್ರಾಫ್ಟ್ ಬಂತು. ನೀಲಿ ಕಾಗದ, ಬ್ಯಾಂಕಿನ ಸಿಕ್ಕೆ, ಎರಡು ಸಹಿ, ಗುಂಪಿನ ಹೆಸರು. ಒಂಬತ್ತರ ಬದಲು ಹನ್ನೆರಡು ಸಾವಿರ ಎಂದಿತ್ತು. ಜೊತೆಗೊಂದು ಚೀಟಿ: ಕಾರಕೂನ ತಪ್ಪಿ ಹೆಚ್ಚು ಬರೆಸಿದ್ದಾನೆ, ಮೂರು ಸಾವಿರ ಮನಿಯಾರ್ಡರ್ ಮಾಡಿ, ಪಾರ್ಸಲ್ ಇವತ್ತೇ ಹಾಕಿ.

ಆ ಮೂರು ಸಾವಿರ ಬಂಡೆಪ್ಪನ ಹತ್ತಿರ ಇರಲಿಲ್ಲ. ಗುಟ್ಟು ಒಡೆದದ್ದು ಹಾಗೆ.

“ಗುಂಪಿನ ಉಳಿತಾಯದಾಗ ಮೂರು ಸಾವಿರ ಐತೇನ?” ಎಂದು ಕೇಳಿದ.

“ಐತಿ. ಯಾಕ್ರಿ?” ಎಂದಳು ಮಾಯಕ್ಕ.

“ಎರಡ ದಿನದ ಮಟ್ಟಿಗೆ ಬೇಕಾಗೇತಿ. ಯಾಕಂತ ಕೇಳಬ್ಯಾಡ.”

“ಕೇಳಬ್ಯಾಡ ಅಂದ್ರ ಕೊಡೂದೂ ಬ್ಯಾಡ ಆತಲ್ಲ.”

ಬಂಡೆಪ್ಪ ಅಂಗಿಯೊಳಗಿಂದ ಡ್ರಾಫ್ಟ್ ತೆಗೆದು ಎಲ್ಲ ಹೇಳಬೇಕಾಯಿತು. ಮಾಯಕ್ಕ ಕಾಗದವನ್ನು ಕಂಬಳಿಯ ಅಂಚು ಪರೀಕ್ಷಿಸುವಂತೆ ಎರಡು ಬೆರಳ ನಡುವೆ ಉಜ್ಜಿ ನೋಡಿದಳು. ಅಂಗಳದಲ್ಲಿ ಕಂಬಳಿಗಳನ್ನು ಎರಡು ಗಂಟು ಕಟ್ಟಿ ಇಟ್ಟಿದ್ದನ್ನೂ ನೋಡಿದಳು.

“ಒಂದು ಮಾತು ಕೇಳಲೇನ್ರಿ? ಟಗರು ಮಾರಿದಾಗ ಹಗ್ಗ ಯಾವಾಗ ಬಿಡತಿದ್ರಿ?”

“ರೊಕ್ಕ ಎಣಿಸಿ ಕಿಸೇದಾಗ ಇಟ್ಟ ಮ್ಯಾಲ. ಅದಕ್ಕಿಂತ ಮೊದಲ ಯಾರಿಗೂ ಬಿಟ್ಟಿಲ್ಲ. ನಿಮ್ಮಣ್ಣಗೂ ಬಿಟ್ಟಿಲ್ಲ.”

“ಗೊತ್ತೈತಿ. ಆಂವ ಇವತ್ತಿಗೂ ನಮ್ಮ ಮನಿ ಹೊಸ್ತಿಲ ತುಳಿದಿಲ್ಲ. ನಮ್ಮಣ್ಣಗ ಬಿಡದ ಹಗ್ಗ ಈ ಫೋನಿನವಗ ಯಾಕ ಬಿಡಾಕತ್ತೀರಿ?”

ಸಂತೆಯಲ್ಲಿ ಬಂಡೆಪ್ಪನಿಗೆ ಇಂಥ ಗಿರಾಕಿ ಸಿಕ್ಕಿರಲಿಲ್ಲ. “ರೊಕ್ಕ ಬಂದೈತಲ್ಲ, ಕೈಯಾಗ ಐತಲ್ಲ” ಎಂದ.

“ಇದು ರೊಕ್ಕ ಹೌದೋ ಅಲ್ಲೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಜನ್ನತಗ ಕೇಳೂಣು ನಡ್ರಿ.”

ಜನ್ನತ ಡ್ರಾಫ್ಟನ್ನು ಬೆಳಕಿಗೆ ಹಿಡಿಯಲಿಲ್ಲ, ಭೂತಗನ್ನಡಿಯನ್ನೂ ಹುಡುಕಲಿಲ್ಲ. “ನೋಡಿ ಹೇಳೋ ಕೆಲಸ ನಂದೂ ಅಲ್ಲ, ನಿಮ್ದೂ ಅಲ್ರಿ. ಬ್ಯಾಂಕಿನ್ಯಾಗ ತುಂಬ್ರಿ. ಆ ಊರಿನ ಬ್ಯಾಂಕು ಹೌದು ಅಂದು ಕಳಿಸಿದ ಮ್ಯಾಲ ಇದು ರೊಕ್ಕ. ಅಲ್ಲಿ ತನಕ ಕಾಗದ. ಮತ್ತ ಕಾಕಾ, ಒಂದು ಹೇಳ್ರಿ. ನಿಮಗ ಯಾರರ ತಪ್ಪಿ ಮೂರು ಸಾವಿರ ಹೆಚ್ಚಿಗಿ ಕೊಟ್ಟಾರೇನ, ಇಷ್ಟು ವರ್ಷದಾಗ?”

“ಮೂರು ರೂಪಾಯಿ ಸೈತ ಕೊಟ್ಟಿಲ್ಲ” ಎಂದಳು ಮಾಯಕ್ಕ.

“ಈ ಕಾಗದ ಸುಳ್ಳಾದ್ರ ಕಂಬಳಿ ಹೋತು, ನಿಮ್ಮ ಕೈಯಿಂದ ಕಳಿಸಿದ ಮೂರು ಸಾವಿರನೂ ಹೋತು. ತಾಣದ ಹೊರಗ ಮಾಡಿದ ವ್ಯವಹಾರಕ್ಕ ತಾಣದವರೂ ಬರೂದಿಲ್ಲ. ನನಗ ಯಾಕ ಹೇಳಲಿಲ್ರಿ?”

“ವಲ್ಲಿ ಕೆಳಗಿನ ಮಾತು ಹೊರಗ ಹಾಕೂದಿಲ್ಲ ನಾವು” ಎಂದ ಬಂಡೆಪ್ಪ, ಸ್ವಲ್ಪ ಗತ್ತಿನಿಂದಲೇ.

“ವಲ್ಲಿ ಕೆಳಗ ನಿಮ್ಮ ಕೈಗೆ ಇನ್ನೊಂದು ಕೈ ಹತ್ತತಿತ್ತಲ್ಲ ಕಾಕಾ. ಇಲ್ಲಿ ಏನು ಹತ್ತೇತಿ?”

ಬಂಡೆಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. ಗಿರಾಕಿಗಳ ಬೆವರಿದ ಅಂಗೈ, ಹಿಂಜರಿವ ಕಿರುಬೆರಳು, ಸುಳ್ಳಾಡುವವನ ತಣ್ಣನೆಯ ಹೆಬ್ಬೆರಳು. ಮೂವತ್ತು ವರ್ಷ ಅವನು ದರವನ್ನಷ್ಟೇ ಅಲ್ಲ, ಮನುಷ್ಯನನ್ನೂ ಆ ಕತ್ತಲೆಯಲ್ಲಿ ಮುಟ್ಟಿ ತಿಳಿದುಕೊಂಡಿದ್ದ. ಇಲ್ಲಿ ವಲ್ಲಿ ಇತ್ತು, ಕೆಳಗೆ ಕೈಯೇ ಇರಲಿಲ್ಲ.

ಡ್ರಾಫ್ಟನ್ನು ಖಾನಾಪುರದ ಬ್ಯಾಂಕಿನಲ್ಲಿ ತುಂಬಿದರು. ಉತ್ತರ ಬರಲು ಎರಡು ಮೂರು ವಾರ ಬೇಕು ಎಂದರು ಅಲ್ಲಿನ ಮೇಡಂ. ಗಂಟುಗಳು ಮತ್ತೆ ಅಟ್ಟ ಸೇರಿದವು. ಮರುದಿನ ಫೋನು ಬಂತು, ಪಾರ್ಸಲ್ ಎಲ್ಲಿ ಮಾಮಾ ಎಂದು. ಬಂಡೆಪ್ಪನಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿತ್ತು. ಬ್ಯಾಂಕಿನಿಂದ ರೊಕ್ಕ ಬಂದ ದಿನವೇ ಕಳಿಸುತ್ತೇನೆ, ಅವಸರವಿದ್ದರೆ ನೀನೇ ಬಾ, ನನ್ನ ಕೈ ಹಿಡಿದು ದರ ಹೇಳು, ಮಾಲು ಹೊತ್ತುಕೊಂಡು ಹೋಗು ಎಂದ. ಮಾಮಾ ಎಂಬ ಸಂಬಂಧ ಅಲ್ಲಿಗೇ ಮುಗಿಯಿತು. ಆಮೇಲೆ ಬಂದ ಮರಾಠಿಯನ್ನು ಬಂಡೆಪ್ಪ ಹೆಂಡತಿಗೆ ಅನುವಾದಿಸಲಿಲ್ಲ.

ಇತ್ತ ಹರಾಜು ತನ್ನ ಪಾಡಿಗೆ ನಡೆದು ಮುಗಿಯಿತು. ಪುಣೆಯ ಗುಡ್ಡ ಹತ್ತುವವರ ಸಂಘವೊಂದು ಆರು ಸಾವಿರದ ಇನ್ನೂರಕ್ಕೆ ಕೊಂಡಿತು. ರೊಕ್ಕ ತುಂಬಿದ ಸುದ್ದಿಯನ್ನು ಜನ್ನತ ತಾಣವನ್ನೇ ತೆರೆದು ಖಾತ್ರಿ ಮಾಡಿಕೊಂಡಳು. ಪಾರ್ಸಲ್ ಹೋಯಿತು. ರಸೀದಿ ಮಾಯಕ್ಕನ ಕುಂಕುಮದ ಡಬ್ಬಿ ಸೇರಿತು. ವಾರದ ಮೇಲೆ ಸಂಘದವರು, ವಾಸನೆ ಬರುತ್ತಿದೆ ಎಂದು ಬರೆದರು. ಬರುತ್ತದೆಂದು ನಾವು ಮೊದಲೇ ಬರೆದಿದ್ದೆವಲ್ಲ ಎಂದು ಜನ್ನತ ಉತ್ತರಿಸಿದಳು. ಹೌದು, ಮಳೆಯಲ್ಲಿ ಬೆಚ್ಚಗೂ ಇದೆ ಎಂದು ಅವರು ಒಳ್ಳೆಯ ಮಾತು ಬರೆದು, ಮಾಲು ಮುಟ್ಟಿದ್ದನ್ನು ಒಪ್ಪಿದರು. ನೂರಕ್ಕೆ ಐದು ಕಳೆದು ಐದು ಸಾವಿರದ ಎಂಟು ನೂರ ತೊಂಬತ್ತು ಗುಂಪಿನ ಖಾತೆಗೆ ಬಂತು.

ಆದರೂ ಬಂಡೆಪ್ಪನಿಗೆ ಆ ಒಂಬತ್ತು ಸಾವಿರ ಚುಚ್ಚುತ್ತಲೇ ಇತ್ತು. ಹೊಸ ಕಂಬಳಿಗಿಂತ ಹೆಚ್ಚು. “ಆ ಡ್ರಾಫ್ಟ್ ಖರೇ ಆದ್ರ ಏನ ಮಾಡ್ತಿ?” ಎಂದು ದಿನಾ ಊಟಕ್ಕೆ ಕುಳಿತಾಗ ಚುಚ್ಚುತ್ತಿದ್ದ.

“ಆದ್ರ ಇನ್ನೊಂದು ಡಜನ್ ನೇಯ್ಸಿ ಕಳಸೂಣು. ಉಣ್ರಿ” ಎನ್ನುತ್ತಿದ್ದಳು ಮಾಯಕ್ಕ.

ಡ್ರಾಫ್ಟ್ ತುಂಬಿದ ಹದಿನೆಂಟನೆಯ ದಿನ ಬ್ಯಾಂಕಿನಿಂದ ಕರೆ ಬಂತು. ಡ್ರಾಫ್ಟು ಹಿಂದಿರುಗಿತ್ತು. ಇಂಥ ಡ್ರಾಫ್ಟನ್ನು ನಾವು ಕೊಟ್ಟೇ ಇಲ್ಲ ಎಂದು ಆ ಊರಿನ ಬ್ಯಾಂಕು ಬರೆದಿತ್ತು. ಪೊಲೀಸರಿಗೆ ಒಂದು ಅರ್ಜಿ ಕೊಡಿ ಎಂದರು ಮೇಡಂ. ಬಂಡೆಪ್ಪ ಅರ್ಜಿ ಬರೆಸಿ ಕೊಟ್ಟು ಮನೆಗೆ ಬಂದು, ಅಟ್ಟದ ಮೇಲೆ ಖಾಲಿಯಾದ ಜಾಗವನ್ನೂ, ಮಗ್ಗದ ಪಕ್ಕದಲ್ಲಿ ಬಂದು ಬಿದ್ದಿದ್ದ ಹೊಸ ಉಣ್ಣೆಯ ಮೂಟೆಯನ್ನೂ ನೋಡಿದ. ಮಾಯಕ್ಕ ಉಣ್ಣೆ ಹಿಂಜುತ್ತ ಕುಳಿತಿದ್ದಳು.

“ನಾಳೆ ನಿಮ್ಮಣ್ಣನ ಕಡೆ ಹೋಗಿ ಬರತೀನಿ” ಎಂದ.

“ಯಾಕ್ರಿ?”

“ಅವತ್ತು ನಾ ಹಗ್ಗ ಬಿಡದ್ದು ತಪ್ಪಲ್ಲ ಅಂತ ಹೇಳಾಕ. ಸಾಕ್ಷಿ ಸಿಕ್ಕೈತಿ.”

ಈಗ ಬಂಡೆಪ್ಪ ಸುತ್ತಲಿನ ಗುಂಪುಗಳ ಸಭೆಗೆ ಕರೆದಲ್ಲೆಲ್ಲ ಹೋಗುತ್ತಾನೆ. ವಲ್ಲಿ ಹಾಸಿ, ಕೆಳಗೆ ಕೈ ಇಡಲು ಒಬ್ಬರನ್ನು ಕರೆಯುತ್ತಾನೆ. ಅವರು ಇಟ್ಟ ಮೇಲೆ ತನ್ನ ಕೈ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, “ಈಗ ಯಾರ ಜೋಡಿ ವ್ಯವಹಾರ ಮಾಡಾಕತ್ತೀರಿ?” ಎಂದು ಕೇಳುತ್ತಾನೆ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ನೀವೂ ಒಂದು ದಿನ ಕಂಬಳಿಯನ್ನೋ ಕೌದಿಯನ್ನೋ ಈ ಹೊಸ ಸಂತೆಗೆ ಇಳಿಸುವಿರಿ. ಹೆದರಬೇಡಿ, ಇಳಿಸಿ. ನಡುವಿನವನು ರೊಕ್ಕ ಹಿಡಿದಿದ್ದಾನೆಂದು ಸಿಟ್ಟಾಗಬೇಡಿ, ಗಿರಾಕಿ ಕೈಕೊಡದಂತೆ ಆ ಕಡೆಯ ಹಗ್ಗವನ್ನೂ ಇವನೇ ಹಿಡಿದಿರುತ್ತಾನೆ. ಐಬು ಇದ್ದರೆ ಮೊದಲೇ ಬರೆಯಿರಿ, ರಸೀದಿ ಕಾಯ್ದಿಡಿ. ಆದರೆ ಯಾರಾದರೂ ತಾಣ ಬಿಟ್ಟು ಹೊರಗೆ ಬಾ ಎಂದರೆ, ಹೆಚ್ಚು ಕಳಿಸಿದ್ದೇನೆ ಹಿಂದಿರುಗಿಸು ಎಂದರೆ, ಯಾರಿಗೂ ಹೇಳಬೇಡ ಎಂದರೆ, ಆ ದಿನವೇ ಮನೆಯಲ್ಲಿ ಹೇಳಿ, ಗುಂಪಿನಲ್ಲಿ ಹೇಳಿ, ಬ್ಯಾಂಕಿನಲ್ಲಿ ಕೇಳಿ. ನಿಮ್ಮ ಅಣ್ಣನಿಗೂ ಬಿಡದ ಹಗ್ಗವನ್ನು ಫೋನಿನವನಿಗೆ ಬಿಡಬೇಡಿ.