ನುಂಗಿದರೆ, ಉಗುಳಿದರೆ

ಮೇಣದಬತ್ತಿಯ ಜ್ವಾಲೆ ಅಲುಗಲಿಲ್ಲ, ಗಾಜಿನ ಲೋಟದ ಹಿಂದೆ ನೆಟ್ಟಗೆ ನಿಂತಿದೆ, ಬೆಳಕು ವೈನಿನ ಕೆಂಪನ್ನು ಹಾಯ್ದು ಕಸಿಲ್ದಾಳ ಬೆರಳಿಗೆ ಬಿದ್ದಿದೆ, ಗಸಿಯ ಒಂದು ಎಳೆಯೂ ಇಲ್ಲ, ಮೊದಲ ಗುಟುಕು ಆಗಲೇ ಬಾಯೊಳಗಿದೆ, ನೆಲಮಾಳಿಗೆಯ ಬಾಗಿಲು ಮುಚ್ಚಿದೆ, ಓಕ್ ಪೀಪಾಯಿಯ ಆಚೆ ಮೈದುನ ಸೆಲೆದೋನ್ ಅವಳ ಗಂಟಲನ್ನೇ ನೋಡುತ್ತ ನಿಂತಿದ್ದಾನೆ, ಮನೆಯ ಹಿರಿಯರು ನುಂಗಿದರೆ ವೈನ್ ಮನೆತನದ ಹೆಸರಿನಲ್ಲಿ ಶೀಶೆಗೆ, ಉಗುಳಿದರೆ ವಿನೆಗರಿಗೆ, ಮಾವನ ಕಾಲದಿಂದ ಹಾಗೆಯೇ, ಮೂರು ಸುಗ್ಗಿಗಳ ಹಿಂದಿನವರೆಗೆ ನುಂಗುತ್ತಿದ್ದವನು ಎಮೆತೇರಿಯೊ, ಅವಳ ಗಂಡ — ಏನತ್ತಿಗೆ, ಬಾಯಲ್ಲೇ ಇನ್ನೊಂದು ಚಳಿಗಾಲ ಮಾಗಿಸ್ತೀರೇನು, ಎನ್ನುತ್ತಾನೆ ಸೆಲೆದೋನ್, ಚಿಕ್ಕಪ್ಪಾ ಸುಮ್ನಿರಿ ಎಂದು ಮಗಳು ನಿಯೆವೆಸ್ ಗದರುತ್ತಾಳೆ, ನಾಲಿಗೆಗೆ ಮೊದಲು ಚೆರ್ರಿ ಬಂತು, ಆಮೇಲೆ ಓಕಿನ ಒಗರು, ತೊಗಲು, ಚರ್ಚಿನ ಹಳೆಯ ಬೆಂಚಿನ ವಾಸನೆ, ದೇವರೇ, ಹುಳಿತಿರಬಾರದಿತ್ತೇ, ಇಷ್ಟು ಚೆನ್ನಾಗಿ ಯಾಕೆ ಬಂತು, ಈ ಮನೆಯಲ್ಲಿ ಇಂಥದ್ದು ಹಿಂದೆಂದೂ ಬಂದಿಲ್ಲ, ಮೂರು ಸುಗ್ಗಿಗಳ ಹಿಂದೆ ಅದೇ ಹುದುಗಿನ ತೊಟ್ಟಿಯಿಂದ ಹರಿದ ರಸ, ಆ ಬೆಳಿಗ್ಗೆ ರಸವೆಲ್ಲ ಪೀಪಾಯಿಗೆ ಇಳಿದು ತೊಟ್ಟಿಯ ತಳದಲ್ಲಿ ಸಿಪ್ಪೆ ಮಾತ್ರ ಉಳಿದಿತ್ತು, ಸಲಿಕೆ ಹಿಡಿದು ಇಳಿಯುವ ಮೊದಲು ಹಗ್ಗಕ್ಕೆ ಮೇಣದಬತ್ತಿ ಕಟ್ಟಿ ಇಳಿಬಿಡಬೇಕು, ಉರಿದರೆ ಗಾಳಿಯಿದೆ, ಆರಿದರೆ ಹುದುಗಿನ ವಿಷಗಾಳಿ — ರೀ, ಬತ್ತಿ, ಎಂದಿದ್ದಳು — ಹೋಗೇ, ನಿನಗಿಂತ ಮೊದಲು ಈ ತೊಟ್ಟೀನ ಕಟ್ಕೊಂಡೋನು ನಾನು, ಎಮೆತೇರಿಯೊ ನಗುತ್ತಲೇ ಏಣಿ ಇಳಿದ, ನಗು ಅರ್ಧಕ್ಕೆ ನಿಂತಿತು, ಸಲಿಕೆ ಬಿದ್ದ ಸದ್ದು, ಅವಳು ಏಣಿಗೆ ಕಾಲಿಟ್ಟರೆ ಸೆಲೆದೋನ್ ಸೊಂಟ ಹಿಡಿದು ಎಳೆದ, ಬೇಡಿ ಅತ್ತಿಗೆ, ನೀವೂ ಹೋಗ್ಬಿಡ್ತೀರಿ, ಆ ಹಿಡಿತ ಇನ್ನೂ ಸಡಿಲಾಗಿಲ್ಲ, ಆಮೇಲೆ ಬತ್ತಿ ಇಳಿಬಿಟ್ಟ, ಆಮೇಲೆ — ಉಗುಳಿದರೆ ಗಂಡನ ಕಡೆಯ ಕೆಲಸ ವಿನೆಗರು, ಮೇಲೆ ಸುಳ್ಳಿನ ಪಾಪ, ನುಂಗಿದರೆ ಯಾರೋ ಊಟದ ಮೇಜಿನಲ್ಲಿ ಲೋಟ ಎತ್ತಿ ಆಹಾ ಎನ್ನುತ್ತಾರೆ, ಅವನ ಸಾವಿಗೆ ಆಹಾ, ಪೂಜೆಯಲ್ಲಿ ಪಾದ್ರಿ ಎತ್ತುವ ಬಟ್ಟಲಲ್ಲೂ ವೈನೇ, ರಕ್ತವೆಂದು ನಂಬಿಯೇ ಬಾಗುತ್ತೇವಲ್ಲ ಸ್ವಾಮೀ, ಆದರೆ ಅದು ನಿನ್ನದು, ನೀನಾಗಿ ಕೊಟ್ಟದ್ದು, ಇದನ್ನು ಅವನು ಕೊಟ್ಟನೇ — ಅಮ್ಮಾ, ಉಗುಳಿಬಿಡಮ್ಮ, ಯಾರೂ ಏನೂ ಅನ್ನಲ್ಲ, ನಿಯೆವೆಸ್ ಬೋಗುಣಿ ಹಿಡಿದಿದ್ದಾಳೆ, ತುಟಿ ತೆರೆದರೆ ಸಾಕು, ತೆರೆಯುವುದಿಲ್ಲ, ಗಂಟಲು ತಾನಾಗಿ ಕದಲಿತು, ಸೆಲೆದೋನ್ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ, ಒಳಗೆ ಬೆಚ್ಚಗೆ ಇಳಿಯುತ್ತಿದೆ, ಇನ್ನೂ ಇಳಿಯುತ್ತಿದೆ, ಹಗ್ಗ ಬಿಟ್ಟಂತೆ, ಮೊಳ ಮೊಳವಾಗಿ, ಕತ್ತಲಲ್ಲಿ ಒಂದು ಪುಟ್ಟ ಜ್ವಾಲೆ, ಅವನ ಬೆನ್ನು ಕಾಣುವಷ್ಟು ಹತ್ತಿರ ಹೋಗಿ, ಆರಿತು.