ಮೈಲುತುತ್ತದ ಮಿದುಳು

ಪಕ್ಕದ ಮನೆಯ ರೇಡಿಯೋದಲ್ಲಿ ಬರುತ್ತಿದ್ದ ದನಿಯನ್ನು ಗೋದಾ ಮೊದಲ ಮಾತಿಗೇ ಗುರುತು ಹಿಡಿದಳು. ಬೆಂಗಳೂರಿನ ಪ್ರೊಫೆಸರ್ ಚಂದ್ರಶೇಖರಯ್ಯನವರು.

"ಮಿದುಳಿನೊಳಗೆ ತಪ್ಪು ತಿದ್ದುವ ಮೇಷ್ಟ್ರು ಯಾರೂ ಇಲ್ಲ," ಎನ್ನುತ್ತಿದ್ದರು ಅವರು. "ಎರಡು ನರಗಳು ಒಟ್ಟಿಗೆ ಎಚ್ಚೆತ್ತರೆ ಅವುಗಳ ನಡುವಿನ ದಾರಿ ಸಲೀಸಾಗುತ್ತದೆ. ಕಲಿಯುವುದೆಂದರೆ ಅಷ್ಟೇ. ಇದನ್ನು ನಾನು ಗಾಜಿನ ಜಾಡಿಗಳಲ್ಲಿ ಮಾಡಿ ನೋಡಿದ್ದೇನೆ."

ಅಕ್ಕಿ ಆರಿಸುತ್ತಿದ್ದ ತಾಯಿ ಕನಕಲಕ್ಷ್ಮಿ ತಲೆಯೆತ್ತಿದರು. "ಅದು ನಿನ್ನ ಜಾಡಿ ಅಲ್ವೇನೇ?"

ಅವಳದೇ. ಮೈಲುತುತ್ತದ ನೀರಿನಲ್ಲಿ ಪೆನ್ಸಿಲ್ ಕಡ್ಡಿ ಅದ್ದಿಟ್ಟು ಕರೆಂಟು ಹರಿಸಿದರೆ ಕಡ್ಡಿಗೆ ತಾಮ್ರ ಕೂರುತ್ತದೆ. ತಾಮ್ರ ಕೂತಷ್ಟೂ ಮುಂದಿನ ಕರೆಂಟಿಗೆ ದಾರಿ ಸುಲಭ. ಒಂದೊಂದು ಜಾಡಿಯೂ ಎರಡು ನರಗಳು ಸೇರುವ ಜಾಗ. ಬೆಂಗಳೂರಿನಲ್ಲಿ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದಾಗ ಇದನ್ನು ಅವಳು ತೋರಿಸಿದ ದಿನ ಪ್ರೊಫೆಸರು, "ಏನಮ್ಮಾ, ಉಪ್ಪಿನಕಾಯಿ ಹಾಕೋಕೆ ಹೊರಟಿದ್ದೀಯಾ?" ಎಂದು ಎಲ್ಲರೆದುರು ನಕ್ಕಿದ್ದರು. ಆಮೇಲೆ ಅವಳ ಸಂಶೋಧನೆಯನ್ನೇ ನಿಲ್ಲಿಸಿಬಿಟ್ಟರು. ಅವಳು ಅರಸೀಕೆರೆಗೆ ಬಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳು.

ರೇಡಿಯೋ ಕೇಳಿದ ಆ ರಾತ್ರಿ ಅವಳು ತಟ್ಟೆಯ ಅನ್ನವನ್ನು ಹಾಗೇ ಬಿಟ್ಟು ಎದ್ದಳು.

ಅರವತ್ತಮೂರನೇ ಇಸವಿಯ ಚಳಿಗಾಲದಲ್ಲಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಯಾರನ್ನು ಕರೆಯೋಣ ಎಂದು ಹೆಡ್‌ಮಿಸ್ಟ್ರೆಸ್ ರುಕ್ಮಿಣಮ್ಮ ಕೇಳಿದಾಗ ಗೋದಾ ತಡಮಾಡದೆ ಪ್ರೊಫೆಸರ ಹೆಸರು ಹೇಳಿದಳು. "ಜೊತೆಗೆ ಬೇಲೂರು, ಹಳೇಬೀಡು ತೋರಿಸ್ತೀವಿ ಅಂತ ಬರೀರಿ ಮೇಡಂ. ಖಂಡಿತ ಬರ್ತಾರೆ."

ಬಂದರು. ಹಿಂದಿನ ದಿನ ದೇವಸ್ಥಾನಗಳನ್ನು ನೋಡಿಕೊಂಡು, ಕ್ಯಾಮೆರಾ ನೇತುಹಾಕಿಕೊಂಡು, ಖುಷಿಯಾಗಿಯೇ ಬಂದರು. ಹಾಲ್ ತುಂಬಿತ್ತು: ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ಕೊಬ್ಬರಿ ಮಂಡಿಯ ಸಾಹುಕಾರರು, ತಾಲ್ಲೂಕು ಕಚೇರಿಯವರು. ನಡುವಿನ ಮೇಜಿನ ಮೇಲೆ ನೀಲಿ ನೀರಿನ ಜಾಡಿಗಳ ಸಾಲು. ಮುಂದೆ ಅಡ್ಡಕ್ಕೂ ಉದ್ದಕ್ಕೂ ಸಾಲಾಗಿ ಸ್ವಿಚ್ಚುಗಳಿದ್ದ ಹಲಗೆ; ಬೇಕಾದವನ್ನು ಆಯ್ದು ಹಾಕಿದರೆ ಚಿಹ್ನೆಯ ಆಕಾರ ಮೂಡುತ್ತಿತ್ತು. ಕೊನೆಯಲ್ಲಿ ಕೆಂಪು ಬಲ್ಬು, ಹಸಿರು ಬಲ್ಬು. ಒಂದೊಂದರ ಕೆಳಗೂ ಒಂದೊಂದು ಗುಂಡಿ.

ಪ್ರೊಫೆಸರ ಮುಖ ಒಂದು ಗಳಿಗೆ ಬಿಳಿಚಿತು. ಗೋದಾ ಕೈಮುಗಿದಳು.

"ನೀವು ರೇಡಿಯೋದಲ್ಲಿ ಹೇಳಿದ್ದನ್ನೇ ಮಾಡಿದ್ದೀನಿ ಸರ್. ಸ್ವಿಚ್ಚಲ್ಲಿ ಸೊನ್ನೆ ಬರೆದ್ರೆ ಕೆಂಪು ದೀಪ, ಕೂಡುವ ಚಿಹ್ನೆ ಬರೆದ್ರೆ ಹಸಿರು ದೀಪ ಹತ್ತಬೇಕು. ಇನ್ನೂ ಪೂರ್ತಿ ಕಲಿತಿಲ್ಲ. ನಿಮ್ಮ ಕೈಯಿಂದಲೇ ಕಲಿಸಿ."

ಜನ ಚಪ್ಪಾಳೆ ತಟ್ಟಿದರು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಸೊನ್ನೆ ಬರೆದರು, ಕೆಂಪು ಹತ್ತಿತು. ಅವರಿಗೆ ಜೀವ ಬಂದಂತಾಯಿತು. ಕೂಡುವ ಚಿಹ್ನೆ ಬರೆದರು. ಅದಕ್ಕೂ ಕೆಂಪೇ ಹತ್ತಿತು. ಹತ್ತಲೇಬೇಕಿತ್ತು, ಬೆಳಿಗ್ಗೆ ಬೇಗ ಬಂದು ಗೋದಾ ಅದಕ್ಕೆ ಆ ತಪ್ಪನ್ನು ಚೂರೇ ಚೂರು ಕಲಿಸಿಟ್ಟಿದ್ದಳು.

ತಿದ್ದುವುದೇನೂ ಕಷ್ಟವಿರಲಿಲ್ಲ. ಚಿಹ್ನೆ ಬರೆದು, ಜೊತೆಗೇ ಹಸಿರಿನ ಗುಂಡಿ ಒತ್ತಿ ಹಿಡಿದರೆ ಎರಡೂ ಒಟ್ಟಿಗೆ ಎಚ್ಚೆತ್ತು ಸರಿಯಾದ ದಾರಿ ಗಟ್ಟಿಯಾಗುತ್ತಿತ್ತು. ಗುಂಡಿ ಅವರ ಕೈಯ ಪಕ್ಕದಲ್ಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ. "ತಪ್ಪು!" ಎಂದು ಜಾಡಿಗಳನ್ನೇ ಗದರಿಸಿದಂತೆ ಹೇಳಿ ಮತ್ತೆ ಚಿಹ್ನೆ ಬರೆದರು. ಮತ್ತೆ ಕೆಂಪು. ಪ್ರತಿ ಸಲವೂ ತಪ್ಪು ದಾರಿಗೇ ಇನ್ನಷ್ಟು ತಾಮ್ರ ಕೂತು, ಕೆಂಪು ದೀಪ ಮೊದಲಿಗಿಂತ ಜೋರಾಗಿ ಉರಿಯಿತು. ಹುಡುಗಿಯರು ಮೊದಲು ಕಿಸಕ್ಕೆಂದರು, ಆಮೇಲೆ ಹಾಲ್‌ಗೆ ಹಾಲೇ ನಕ್ಕಿತು. ಮಂಡಿಯ ಚನ್ನಪ್ಪನವರು ಹಿಂದಿನಿಂದ, "ಸ್ವಾಮೇರಾ, ಅದು ನಿಮ್ ಮಾತ್ ಕೇಳಂಗಿಲ್ಲ ಬಿಡಿ!" ಎಂದರು.

ಪ್ರೊಫೆಸರು ಅವಳತ್ತ ಬಗ್ಗಿ, ಬೇರೆಯವರಿಗೆ ಕೇಳದಂತೆ, "ಏನು ಮಾಡ್ಬೇಕು ಹೇಳಮ್ಮ," ಎಂದರು.

"ನೀವೇ ಮಾಡಿ ನೋಡಿದ್ದಲ್ವಾ ಸರ್?" ಎಂದು ಗೋದಾ ಎಲ್ಲರಿಗೂ ಕೇಳುವಂತೆ ಅಂದಳು.

ಸಂಜೆ ರುಕ್ಮಿಣಮ್ಮನೂ ಗೋದಾಳೂ ಅವರನ್ನು ಬೆಂಗಳೂರಿನ ರೈಲು ಹತ್ತಿಸಲು ಸ್ಟೇಷನ್ನಿಗೆ ಹೋದರು. ಹೆಡ್‌ಮಿಸ್ಟ್ರೆಸ್ ತುಸು ದೂರದಲ್ಲಿದ್ದಾಗ ಪ್ರೊಫೆಸರು ತಗ್ಗಿದ ದನಿಯಲ್ಲಿ, "ವಾಪಸ್ ಬಾಮ್ಮ. ನಿನ್ನ ಜಾಗ ಹಾಗೇ ಇದೆ. ಡಾಕ್ಟರೇಟ್ ಮಾಡಿಸ್ತೀನಿ," ಎಂದರು.

ಆ ಒಂದು ಮಾತಿಗಾಗಿ ಅವಳು ಎಷ್ಟು ಅತ್ತಿದ್ದಳೋ!

"ಬರ್ತೀನಿ. ಆ ಜಾಡಿ ಕೆಲಸ ನನ್ನದು ಅಂತ ಈಗ ಮೇಡಂ ಎದುರಿಗೆ ಒಂದು ಮಾತು ಹೇಳಿ."

ಅವರು ರುಕ್ಮಿಣಮ್ಮನತ್ತ ನೋಡಿದರು. ಗಾರ್ಡ್ ಸೀಟಿ ಊದಿದ. ಅವರು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಡಬ್ಬಿ ಹತ್ತಿದರು.

ದಾರಿಯಲ್ಲಿ ರುಕ್ಮಿಣಮ್ಮ ಕೇಳಿದರು. "ಬೇಕೂಂತಲೇ ಮಾಡಿದ್ಯಾ?"

"ಹೌದು ಮೇಡಂ."

"ನನ್ನ ಶಾಲೇಲಿ ಇನ್ನೊಂದ್ಸಲ ಹೀಗೆ ಮಾಡ್ಬೇಡ," ಎಂದಷ್ಟೇ ಹೇಳಿ ಅವರು ತಮ್ಮ ಮನೆಯ ಕಡೆ ತಿರುಗಿದರು.

ಮನೆಯಲ್ಲಿ ಗೋದಾ ಹಸಿದು ಬಂದವಳಂತೆ ಎರಡೆರಡು ಸಲ ಸಾರನ್ನ ಹಾಕಿಸಿಕೊಂಡಳು. ಕನಕಲಕ್ಷ್ಮಿ ಎಲ್ಲವನ್ನೂ ಕೇಳಿ, "ಇನ್ನಾದ್ರೂ ಸಮಾಧಾನ ಆಯ್ತೇನೇ?" ಎಂದರು.

ಗೋದಾ ಯೋಚಿಸಿದಳು.

"ಇಲ್ಲಮ್ಮ. ಇನ್ನೊಂದ್ಸಲ ಮಾಡ್ಬೇಕು ಅನ್ಸುತ್ತೆ."