ಹನ್ನೊಂದನೆಯ ಹೆಸರು

'ದುಗ್ಗಪ್ಪಣ್ಣನನ್ನು ತೆಗೆದುಹಾಕುವ ಹಾಗಾದದ್ದು ನನ್ನಿಂದ' ಎಂದು ಬರೆದು ಚಂದನಾ ಪೆನ್ನು ತಡೆದಳು. ಅಡುಗೆಮನೆಯಲ್ಲಿ ಅಮ್ಮ ಕಾಯಿ ತುರಿಯುವ ಸದ್ದು ನಿಂತಿತೇನೋ ಅನ್ನಿಸಿ ಪುಟದ ಮೇಲೆ ಎಡಗೈ ಮುಚ್ಚಿದಳು. ಕನ್ನಡಕವಿಲ್ಲದೆ ಅಮ್ಮನಿಗೆ ಅಕ್ಷರ ಕಾಣುವುದಿಲ್ಲ, ಕನ್ನಡಕ ಒಡೆದು ತಿಂಗಳಾಯಿತು ಎಂಬುದು ಆಮೇಲೆ ನೆನಪಾಯಿತು. ಆದರೂ ಕೈ ತೆಗೆಯಲಿಲ್ಲ.

ಡೈರಿ ಐಸ್ ಪ್ಲಾಂಟಿನವರು ಹಂಚಿದ್ದು. ಪ್ರತಿ ಪುಟದ ಬುಡದಲ್ಲಿ ಆ ದಿನ ಕಡಲು ಏರುವ, ಇಳಿಯುವ ಹೊತ್ತು ಅಚ್ಚಾಗಿತ್ತು. ಅದರ ಮೇಲೆ ಉಳಿದ ಜಾಗದಲ್ಲಿ ಚಂದನಾ ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಬರೆಯುತ್ತಿದ್ದಳು. ಹೇಳಲಾಗದ್ದು ಬಹಳವಿತ್ತು. ಬಿ.ಎ. ಓದಿದ ಮೂರು ವರ್ಷಗಳಲ್ಲಿ ತರಗತಿಯಲ್ಲಿ ಅವಳು ತಾನಾಗಿ ಎದ್ದು ನಿಂತದ್ದು ಒಂದೇ ಸಲ, ತಲೆಯ ಮೇಲಿನ ಫ್ಯಾನು ಕಳಚಿ ಬೀಳುವ ಹಾಗಿದೆ ಎಂದು ಹೇಳಲು. ಹೇಗೆ ಶುರುಮಾಡುವುದೆಂದು ಯೋಚಿಸುವಷ್ಟರಲ್ಲಿ ಗಂಟೆ ಹೊಡೆದಿತ್ತು.

ಕಡಲ ದಡದ ಅವಳೂರು ಕೋಡಿಯ ಫುಟ್‌ಬಾಲ್ ತಂಡಕ್ಕೆ ಹತ್ತೊಂಬತ್ತು ವರ್ಷದಿಂದ ದುಗ್ಗಪ್ಪಣ್ಣನೇ ಮೇನೇಜರು. ಮುಂಬಯಿಯಲ್ಲಿ ಮಿಲ್ಲಿನ ಕ್ಯಾಂಟೀನಿನಲ್ಲಿದ್ದಾಗ ಕಿಟಕಿಯಿಂದ ಮಿಲ್ಲಿನ ತಂಡದ ಆಟ ನೋಡಿ ಕಲಿತವನು. ಊರಿಗೆ ಬರುವಾಗ ಒಂದು ವಿಸಿಲ್ಲು, 'ಚಲೋ ಚಲೋ, ಆಗೇ' ಎಂಬ ಮಾತು, ಮತ್ತು ಮೇನೇಜರ್ ಎಂಬ ಹೆಸರು ತಂದಿದ್ದ. ಆದರೆ ತಂಡ ಆರಿಸುವ ಕ್ರಮ ಮಾತ್ರ ಮುಂಬಯಿಯದ್ದಲ್ಲ, ಅವನದ್ದೇ. ಬೆಳಿಗ್ಗೆ ಕೈರಂಪಣಿ ಬಲೆಯನ್ನು ಕಡಲಿನಿಂದ ದಡಕ್ಕೆ ಎಳೆಯುವಾಗ ಬಲೆಯ ಎರಡು ತುದಿಗೆ ಎರಡು ಹಗ್ಗ, ಒಂದೊಂದಕ್ಕೆ ಇಪ್ಪತ್ತು ಜನ. ಹಗ್ಗದಲ್ಲಿ ನೀರಿಗೆ ಇಳಿದು ಮುಂದೆ ನಿಂತವನು ಆಟದಲ್ಲಿಯೂ ಮುಂದೆ. ಮರಳಿನಲ್ಲಿ ಕಾಲು ಹೂತು ಹಿಂದೆ ಎಳೆದವನು ಬ್ಯಾಕು. ದುಗ್ಗಪ್ಪಣ್ಣ ವಿಸಿಲ್ಲು ಕಚ್ಚಿಕೊಂಡು ಹಗ್ಗದ ಉದ್ದಕ್ಕೂ ನಡೆದು ಬಂದರೆ ತಂಡ ತಯಾರು.

"ಬಾಲು ಯಾರ್ ಬೇಕಾರೂ ಒದಿತ್ರ್. ಹಗ್ಗ ಎಳ್ದದ್ ಕಾಂಬುಕೆ ಕಣ್ಣ್ ಬೇಕ್" ಎನ್ನುತ್ತಿದ್ದ.

ಆಮೇಲೆ ನೇರ ಚಂದನಾಳ ಮನೆಯ ಜಗಲಿಗೆ. ಅವನಿಗೆ ಬರವಣಿಗೆ ಅಷ್ಟಕ್ಕಷ್ಟೆ. ಅವಳ ಅಕ್ಷರ ದುಂಡಗೆ. ಅವನು ಹೇಳಿದ ಹನ್ನೊಂದು ಹೆಸರು ಅವಳು ಬರೆದರೆ, ಆ ಚೀಟಿ ಬಲೆ ಶೆಡ್ಡಿನ ಗೋಡೆಗೆ ಅಂಟುತ್ತಿತ್ತು. ನಾಲ್ಕು ವರ್ಷದ ಹಿಂದೆ ಒಂದು ದಿನ ಹತ್ತು ಹೆಸರು ಹೇಳಿ ಮುಗಿಸುವಾಗ ಯಾರೋ ದೋಣಿ ತಳ ಒಡೆಯಿತೆಂದು ಕೂಗಿ, ಅವನು ಓಡಿದ. ಮಧ್ಯಾಹ್ನವಾದರೂ ಬರಲಿಲ್ಲ. ಚಂದನಾ ಕಾದು ಕಾದು, ಹಗ್ಗದ ಹುಡುಗರಲ್ಲಿ ಸೂರ ಎಂಬವನ ಹೆಸರು ತಾನೇ ಬರೆದು ಅಂಟಿಸಿದಳು. ಸಂಜೆ ಸೂರ ಎರಡು ಗೋಲು ಹೊಡೆದ. ದುಗ್ಗಪ್ಪಣ್ಣ ಆ ಚೀಟಿಯ ಮುಂದೆ ಬಹಳ ಹೊತ್ತು ನಿಂತು, ಎಲೆ ಅಡಿಕೆ ಉಗಿದು ಹೋದ. ಮುಂದಿನ ಸಲ ಹತ್ತನೆಯ ಹೆಸರಿಗೇ ಎದ್ದು ನಿಂತ.

"ಹನ್ನೊಂದ್ನೆದ್ ನೀನೇ ಹಾಕ್ ಹೆಣೆ. ನಂಗ್ ಹೊತ್ತಾಯ್ತ್."

ಆಮೇಲೆ ಪ್ರತಿ ಸಲವೂ ಅವನಿಗೆ ಅಲ್ಲಿಗೇ ಹೊತ್ತಾಗುತ್ತಿತ್ತು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿಕೊಳ್ಳಲಿಲ್ಲ. ಬರಬರುತ್ತ, ಹೊಳೆಯುವ ಹುಡುಗನನ್ನು ಹುಡುಕುವುದರಲ್ಲಿ ದುಗ್ಗಪ್ಪನ ಕಣ್ಣೇ ಕಣ್ಣು ಎಂದು ಬೈಂದೂರಿನವರೆಗೂ ಹೆಸರಾಯಿತು. ಚಂದನಾ ಜಗಲಿಯಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಹರಿದ ಬಲೆಯ ಕಣ್ಣಿಗೆ ದಾರ ಹಾಕುತ್ತ ಒಳಗೊಳಗೇ ನಗುತ್ತಿದ್ದಳು.

ಈ ಸಲ ತೆಕ್ಕಟ್ಟೆಯ ಪಂದ್ಯಾವಳಿಯ ಫೈನಲ್ಲಿಗೆ ಅವಳು ರತನ್‌ನ ಹೆಸರು ಬರೆದಳು. ರತನ್ ಹಗ್ಗದ ಕೊಟ್ಟಕೊನೆಗೆ, ಎಳೆದು ಬಂದದ್ದನ್ನು ಸುತ್ತಿ ಸುತ್ತಿ ಇಡುವವನು. ದುಗ್ಗಪ್ಪಣ್ಣನ ಕಣ್ಣು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಆದರೆ ಜಗಲಿಯಿಂದ ಕಾಣುತ್ತಿತ್ತು: ಎಲ್ಲರೂ ತಮ್ಮ ಕೈ ನೋಡಿ ಎಳೆಯುವಾಗ ಅವನೊಬ್ಬ ಕಡಲು ನೋಡುತ್ತಿದ್ದ. ಬಲೆ ಎತ್ತ ವಾಲುತ್ತದೆ, ಮೀನು ಎಲ್ಲಿ ನೀರನ್ನು ಕುದಿಸುತ್ತದೆ ಎಂಬುದು ಅವನಿಗೆ ಮೊದಲು ಗೊತ್ತು. ಮೀನಿನ ಹಿಂಡು ಕಂಡವನು ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ತಲೆಯ ಮೇಲೆ ಬೀಸಿದರೆ ಊರೇ ನೀರಿಗೆ ಓಡಬೇಕು. ಆ ಬೈರಾಸು ಕಂಡು ಮೊದಲು ಓಡುವವನೂ ಅವನೇ. ಹೀಗೆ ಮೊದಲೇ ಕಾಣುವವನು ಬ್ಯಾಕಿನಲ್ಲಿ ಇರಬೇಕು ಎಂದು ಅವಳಿಗೆ ಅನ್ನಿಸಿತು. ಸೂರನನ್ನು ಬಿಟ್ಟು, ಹನ್ನೊಂದನೆಯದಾಗಿ ರತನ್ ಎಂದು ಬರೆದಳು.

ಎದುರು ಬ್ರಹ್ಮಾವರದ ತಂಡ. ಒಂದಕ್ಕೊಂದು ಗೋಲು, ಉಳಿದದ್ದು ನಾಲ್ಕು ನಿಮಿಷ. ರತನ್ ಆವರೆಗೆ ಮೂರು ಬಾಲು ತಡೆದಿದ್ದ. ಅಷ್ಟರಲ್ಲಿ ಮೈದಾನದಾಚೆ ಹೆದ್ದಾರಿಯಲ್ಲಿ, ಯಾರೋ ಒಬ್ಬ ಗೃಹಸ್ಥ ಎಕ್ಸ್‌ಪ್ರೆಸ್ ಬಸ್ಸು ನಿಲ್ಲಿಸಲೆಂದು ಕಾಂಪೌಂಡಿನ ಮೇಲೆ ಹತ್ತಿ ಕೆಂಪು ಬೈರಾಸು ತಲೆಯ ಮೇಲೆ ಗರಗರ ಬೀಸಿದ.

ರತನ್ ಕಂಡ. ಬಾಲು ಅವನ ಕಾಲ ಬುಡದಲ್ಲಿತ್ತು. ಅದನ್ನು ಅಲ್ಲೇ ಬಿಟ್ಟು ಗಿರ್ರನೆ ತಿರುಗಿ ಪಡುವಣಕ್ಕೆ, ಕಡಲಿನ ಕಡೆಗೆ, ಓಡತೊಡಗಿದ. ಅವನು ಓಡಿದ್ದು ಕಂಡು ಇನ್ನಿಬ್ಬರು ಬ್ಯಾಕುಗಳೂ ಓಡಿದರು. ಗೋಲ್‌ಕೀಪರ್ "ಎಲ್ಲ್ ಮರಾಯಾ, ಎಲ್ಲ್?" ಎನ್ನುತ್ತ ಹಿಂದೆ ತಿರುಗಿ ನೋಡಿದ. ಬ್ರಹ್ಮಾವರದ ಹುಡುಗ ಬಾಲನ್ನು ನಡೆಸಿಕೊಂಡು ಬಂದು, ಯಾರಿಗೂ ತೊಂದರೆಯಾಗದ ಹಾಗೆ, ಗೋಲಿನೊಳಗೆ ಇಟ್ಟ. ಕೋಡಿಯಿಂದ ಹೋದ ಜನರಲ್ಲಿಯೂ ಹತ್ತಿಪ್ಪತ್ತು ಮಂದಿ ಅಷ್ಟೊತ್ತಿಗೆ ಎದ್ದು ಲುಂಗಿ ಕಟ್ಟಿಕೊಂಡಾಗಿತ್ತು. ಅದನ್ನು ಆಮೇಲೆ ಯಾರೂ ಒಪ್ಪಲಿಲ್ಲ.

ಮಾರನೆಯ ದಿನ ಕ್ಲಬ್ಬಿನ ಅಧ್ಯಕ್ಷ ರಾಜೀವಣ್ಣ ಬಲೆ ಶೆಡ್ಡಿನ ಗೋಡೆಗೆ ನೋಟೀಸು ಅಂಟಿಸಿದ. ದುಗ್ಗಪ್ಪನವರನ್ನು ಮೇನೇಜರ್ ಹುದ್ದೆಯಿಂದ ತೆಗೆಯಲಾಗಿದೆ. ರಾಜೀವಣ್ಣನಿಗೆ ಎರಡು ಮೀನಿನ ಲಾರಿ, ಜೋರು ಗಂಟಲು. ಜೊತೆಗೆ ಸೂರ ಅವನ ಅಕ್ಕನ ಮಗ.

ಊರು ಎರಡಾಯಿತು. ಚಂದನಾಳ ಅಮ್ಮ ಬೇಬಿ, ಅವನನ್ನು ತೆಗೆದದ್ದು ಸರಿ ಎಂಬ ಕಡೆ; ಸರಸ ಅತ್ತೆ ದುಗ್ಗಪ್ಪಣ್ಣನ ಕಡೆ. ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಅತ್ತಿಗೆ ನಾದಿನಿಯರು ಇಪ್ಪತ್ತು ವರ್ಷದಿಂದ ಪಕ್ಕಪಕ್ಕ ಬುಟ್ಟಿ ಇಟ್ಟು ಕೂತವರು.

"ದುಗ್ಗಪ್ಪಂಗ್ ವಯಸ್ಸಾಯ್ತ್. ಇಳಿಲಿ" ಎಂದಳು ಬೇಬಿ.

"ನಿಂಗೂ ಆಯ್ತಲೆ ಬೇಬಿ. ಬುಟ್ಟಿ ಇಳ್ಸ್ ಕಾಂಬ" ಎಂದಳು ಸರಸ ಅತ್ತೆ.

ಅಲ್ಲಿಗೆ ಇಬ್ಬರೂ ಮಾತು ಬಿಟ್ಟರು. ಮಾತು ಬಿಟ್ಟರೂ ಜಗಳ ಬಿಡಲಿಲ್ಲ. ಅದು ಗಿರಾಕಿಗಳ ಮೂಲಕ ನಡೆಯಿತು. ಬಂಗುಡೆ ಕೊಳ್ಳಲು ಬಂದ ಮೇಷ್ಟರೊಬ್ಬರಿಗೆ ಸರಸ ಅತ್ತೆ, "ಹ್ವಾಯ್ ಮೇಷ್ಟ್ರೆ, ಪಕ್ಕದೋರಿಗ್ ಆಫ್‌ಸೈಡ್ ಅಂದ್ರ್ ಎಂತ ಅಂದೇಳಿ ಗೊತ್ತಿತ್ತಾ ಕೇಣಿ" ಎಂದಳು.

"ಗೊತ್ತಿತ್ತ್ ಅಂದೇಳಿ ಹೇಳಿ ಮೇಷ್ಟ್ರೆ. ಅವ್ರ್ ಕೂಕಂಡ ಬದಿಯೇ ಆಫ್‌ಸೈಡ್" ಎಂದಳು ಬೇಬಿ.

ಮೇಷ್ಟರು ಬಂಗುಡೆ ಬಿಟ್ಟು ಮೊಟ್ಟೆ ಕೊಳ್ಳಲು ಹೋದರು.

ಬುಧವಾರ ಉಡುಪಿಯಿಂದ ಹೊಸ ಕೋಚು ಬಂದ. ಟ್ರ್ಯಾಕ್ ಪ್ಯಾಂಟು, ಬಿಳಿ ಬೂಟು. ಹುಡುಗರನ್ನು ಕಡಲ ದಡದಲ್ಲಿ ಕೂರಿಸಿ ಮರಳಿನ ಮೇಲೆ ಕೋಲಿನಿಂದ ಆಟಗಾರನಿಗೊಂದರಂತೆ ಹನ್ನೊಂದು ಉರುಟು ಗುರುತು ಹಾಕಿ ವಿವರಿಸತೊಡಗಿದ. ಡೈರಿಯ ಪ್ರಕಾರ ಅದು ನೀರು ಏರುವ ಹೊತ್ತು; ಕೋಚಿನ ಹತ್ತಿರ ಡೈರಿ ಇರಲಿಲ್ಲ. ಒಂದು ತೆರೆ ಬಂದು ನಾಲ್ವರು ಡಿಫೆಂಡರುಗಳನ್ನೂ ಅವನು ಕಳಚಿಟ್ಟಿದ್ದ ಒಂದು ಬೂಟನ್ನೂ ತೊಳೆದುಕೊಂಡು ಹೋಯಿತು. ದುಗ್ಗಪ್ಪಣ್ಣನ ಕಡೆಯವರು ತೆಂಗಿನಮರದ ಬುಡದಲ್ಲಿ ನಿಂತು ಚಪ್ಪಾಳೆ ತಟ್ಟಿದರು.

ನಗುವಂಥದ್ದೆಲ್ಲ ನಗುವಂಥದ್ದೇ. ಆದರೆ ಬಲೆ ಎಳೆಯುವಲ್ಲಿಯೂ ಊರು ಎರಡಾಯಿತು. ದುಗ್ಗಪ್ಪಣ್ಣನ ಕಡೆಯವರು ಬಡಗಣ ಹಗ್ಗ ಹಿಡಿದರು, ರಾಜೀವಣ್ಣನ ಕಡೆಯವರು ತೆಂಕಣದ್ದು. ಬಡಗಣದಲ್ಲಿ ಹನ್ನೆರಡು ಜನ, ತೆಂಕಣದಲ್ಲಿ ಇಪ್ಪತ್ತೆಂಟು. ಬಲೆ ಸೊಟ್ಟಗೆ ಬರತೊಡಗಿತು. ತೆಂಕಣ ತುದಿ ದಡ ಮುಟ್ಟುವಾಗ ಬಡಗಣ ತುದಿ ಇನ್ನೂ ಎದೆಮಟ್ಟದ ನೀರಿನಲ್ಲಿ; ಆ ಸಂದಿನಿಂದ ಮೀನು ಸಾಲುಗಟ್ಟಿ ವಾಪಸು ಹೋಗುತ್ತಿತ್ತು. "ಹೋಯ್ಲಿ, ಅವ್ರ್ ಬದಿದ್ ಹೋದ್ದ್" ಎನ್ನುತ್ತಿದ್ದರು ಎರಡೂ ಕಡೆಯವರು. ರತನ್ ಯಾವ ಕಡೆಯೂ ಅಲ್ಲದೆ, ಇಬ್ಬರ ಬೈಗುಳವನ್ನೂ ಕೇಳುತ್ತ, ಎರಡೂ ಹಗ್ಗವನ್ನು ಒಬ್ಬನೇ ಸುತ್ತುತ್ತಿದ್ದ. ಕಡಲು ನೋಡುವುದನ್ನು ಬಿಟ್ಟಿದ್ದ. ಅದು ಚಂದನಾಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಶನಿವಾರ ದುಗ್ಗಪ್ಪಣ್ಣ ಅಭ್ಯಾಸಬಲದಿಂದ ಜಗಲಿಗೆ ಬಂದ. ಕೂತ ಮೇಲೆ, ಬರೆಸುವಂಥದ್ದು ಏನೂ ಇಲ್ಲವೆಂದು ನೆನಪಾಗಿ, ಸುಮ್ಮನೆ ಮೊಣಕಾಲು ತಿಕ್ಕಿಕೊಂಡ.

"ನಾಳೆ ಎಲ್ಲರ್ ಎದ್ರಿಗೆ ತಪ್ಪಾಯ್ತ್ ಅಂದೇಳಿ ಹೇಳಿ ರಾಜೀವಂಗೆ ವಿಸಿಲ್ ಕೊಡ್ಕಂಬ್ರ್" ಎಂದ. "ಆ ರತನ್‌ನ ಇನ್ನ್ ಮೇಲೆ ಮೈದಾನ ಹತ್ಸುದಿಲ್ಯಂಬ್ರ್."

ಚಂದನಾ ಬಲೆಯ ದಾರ ಜಗ್ಗಿದಳು. "ದುಗ್ಗಪ್ಪಣ್ಣ, ಅದ್ ನಾನ್..."

"ನೀ ಎಂತ ಹೇಳುದ್ ಬ್ಯಾಡ" ಎಂದು ಅವನು ಅಲ್ಲಿಗೇ ತಡೆದ. "ಈ ಗಲಾಟಿ ಒಳಗ್ ಹೆಣ್ಣ್ ಮಕ್ಳ ಹೆಸ್ರ್ ಬಪ್ಪುದ್ ಬ್ಯಾಡ. ಮತ್ತೆ..." ಆಚೀಚೆ ನೋಡಿ ದನಿ ತಗ್ಗಿಸಿದ. "ನಾ ಹತ್ತೇ ಹೇಳ್ತಿದ್ದದ್ ಅಂದ್ ಗೊತ್ತಾರೆ ನನ್ ಕಥೆ ಎಂತ ಮಾರಾಯ್ತಿ? ಹತ್ತೊಂಬತ್ ವರ್ಷದ್ ಮರ್ಯಾದಿ!"

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಯಾವುದನ್ನೂ ತೋರಿಸಲಿಲ್ಲ. ಅವನು ಹೋದ ಮೇಲೆ ಡೈರಿ ತೆಗೆದು ಬರೆದಳು: 'ನಾಳೆ ನೀರು ಇಳಿಯುವುದು ಏಳು ಹತ್ತಕ್ಕೆ.' ಬೇರೆ ಏನೂ ಬರೆಯಲಾಗಲಿಲ್ಲ.

ಭಾನುವಾರ ಏಳು ಗಂಟೆಗೆ ಬಲೆ ಅರ್ಧ ಬಂದಿತ್ತು. ಮೀನು ಹೆಕ್ಕಲು ಬುಟ್ಟಿ ಹಿಡಿದು ಹೆಂಗಸರು ನಿಂತಿದ್ದರು. ಬೇಬಿಗೂ ಸರಸ ಅತ್ತೆಗೂ ಮಧ್ಯೆ ಚಂದನಾ. ರಾಜೀವಣ್ಣ ಎರಡೂ ಹಗ್ಗಗಳ ನಡುವಿನ ಮರಳಿನಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ ದುಗ್ಗಪ್ಪಣ್ಣನ ಎದುರು ನಿಂತಿದ್ದ. ಬಲೆ ಬಂದ ಮೇಲೆ ಮಾತಾಡುವ ಎಂದು ಯಾರೋ ಅಂದರೂ ಅವನಿಗೆ ತಾಳ್ಮೆ ಇರಲಿಲ್ಲ, ಲಾರಿ ಹೊರಡುವುದಿತ್ತು. ಹಗ್ಗ ಎಳೆಯುವವರು ಎಳೆಯುತ್ತಲೇ ಕಿವಿ ಕೊಟ್ಟರು. ತೆಂಕಣದ ಇಪ್ಪತ್ತೆಂಟು ಜನರ ಎಳೆತಕ್ಕೆ ಬಲೆಯನ್ನು ತೇಲಿಸುವ ಬೆಂಡಿನ ಸಾಲು ಆಗಲೇ ಒಂದು ಬದಿಗೆ ಓರೆಯಾಗಿತ್ತು.

"ಹತ್ತೊಂಬತ್ ವರ್ಷ ಮಾಡ್ದೆ, ಇಲ್ಲ ಅಂಬುದಿಲ್ಲೆ" ಎಂದ ರಾಜೀವಣ್ಣ. "ಒಂದೇ ಮಾತ್ ಹೇಳ್. ಫೈನಲ್ಲಿಗ್ ನಮ್ ಸೂರನ್ ಬಿಟ್ಟ್ ಆ ಹಗ್ಗ ಸುತ್ತುವನ್ ಹೆಸ್ರ್ ಹಾಕ್ದವ ಯಾರ್?"

"ನಾನೇ" ಎಂದ ದುಗ್ಗಪ್ಪಣ್ಣ.

"ತಪ್ಪಲ್ದಾ?"

ದುಗ್ಗಪ್ಪಣ್ಣ ಕೊರಳಲ್ಲಿದ್ದ ವಿಸಿಲ್ಲಿನ ದಾರವನ್ನು ತಲೆಯ ಮೇಲಿಂದ ತೆಗೆಯಲು ಹೋದ. ಹತ್ತೊಂಬತ್ತು ವರ್ಷ ತೆಗೆದದ್ದಿಲ್ಲವೇನೋ, ದಾರ ಕಿವಿಗೆ ಸಿಕ್ಕಿಕೊಂಡಿತು. ಒಂದು ಕಿವಿ ಬಿಡಿಸಿದರೆ ಇನ್ನೊಂದಕ್ಕೆ ಸಿಕ್ಕಿತು. ಯಾರೋ ಕಿಸಕ್ಕನೆ ನಕ್ಕರು. ಅವನೂ ನಗಲು ನೋಡಿದ, ಆಗಲಿಲ್ಲ. ಹಿಂದೆ ರತನ್ ತಲೆ ಬಗ್ಗಿಸಿ ಹಗ್ಗದ ಸುತ್ತುಗಳನ್ನೇ ನೋಡುತ್ತಿದ್ದ.

"ಅಲ್ಲ" ಎಂದಳು ಚಂದನಾ.

ತೆರೆಯ ಸದ್ದಿನಲ್ಲಿ ಅದು ಅವಳಿಗೇ ಕೇಳಿಸಲಿಲ್ಲ. ಬುಟ್ಟಿಯನ್ನು ಮರಳಿನ ಮೇಲಿಟ್ಟಳು. ಮುಂದೆ ಎರಡು ಹೆಜ್ಜೆ ಹಾಕಿದಳು. ಅಮ್ಮ ಹಿಂದಿನಿಂದ "ಎಲ್ಲಿಗೆ?" ಎಂದದ್ದು ಕೇಳಿತು.

"ರತನ್ ಹೆಸ್ರ್ ಬರ್ದದ್ ನಾನ್!" ದನಿ ಅವಳು ಎಣಿಸಿದ್ದಕ್ಕಿಂತ ದೊಡ್ಡದಾಗಿ, ಕೀರಲಾಗಿ ಬಂತು. "ದುಗ್ಗಪ್ಪಣ್ಣ ಅಲ್ಲ, ನಾನ್. ಇನ್ನೊಂದ್ ಸಲ ಬರಿಯೂಕ್ ಹೇಳ್ರೂ ಅವನ್ ಹೆಸ್ರೇ ಬರಿತೆ."

ತೆಂಕಣ ಹಗ್ಗದ ಇಪ್ಪತ್ತೆಂಟು ಜನರೂ ಹಿಡಿದಲ್ಲೇ ನಿಂತರು. ದುಗ್ಗಪ್ಪಣ್ಣನ ಎಡಗಿವಿಯಲ್ಲಿ ದಾರ ಇನ್ನೂ ನೇತಾಡುತ್ತಿತ್ತು. ಬಡಗಣ ಹಗ್ಗದವರು ಮಾತ್ರ, ಎಲ್ಲರಿಗಿಂತ ಮುಂದೆ ಸೊಂಟಮಟ್ಟದ ನೀರಿನಲ್ಲಿದ್ದ ಕಿವುಡು ಪಾಂಡಜ್ಜ "ಐಸಾ" ಎಂದು ಕೂಗುತ್ತಲೇ ಇದ್ದುದರಿಂದ, ರೂಢಿಯ ಮೇಲೆ ಎಳೆಯುತ್ತ ಹೋದರು. ರತನ್ ತಲೆ ಎತ್ತಿ ಕಡಲಿನ ಕಡೆ ನೋಡಿದ. ಎಂಟು ದಿನದಿಂದ ಓರೆಯಾಗಿ ಬರುತ್ತಿದ್ದ ಬೆಂಡಿನ ಸಾಲು, ನೀರಿನ ಮೇಲೆ ಒಂದೊಂದೇ ಮೊಳ ಸರಿಯುತ್ತ, ಮೆಲ್ಲಗೆ ನೆಟ್ಟಗಾಗುತ್ತಿತ್ತು.